ಹಾಸಿಗೆಯಡಿಯ ಸೂಜಿ

ಕೋಣೆಯ ತಪಾಸಣೆಗೆ ಬಂದ ಕಾವಲುಗಾರ ತುದೋಸೆಯ ಕೈ ತನ್ನ ಹಾಸಿಗೆಯಡಿ ನುಸುಳುವುದನ್ನು ಕೈದಿ ಯಾಕೋಬ ನೀರೊಳಗಿನಿಂದ ನೋಡುವವನಂತೆ ನೋಡುತ್ತಿದ್ದ. ಕಿಟಕಿಯಾಚೆ ಮೊಲ್ದೋವಾದ ಹಿಮ ಅವಸರವಿಲ್ಲದೆ ಬೀಳುತ್ತಿತ್ತು. ಆ ಕೈಗೂ ಅವಸರವಿರಲಿಲ್ಲ.

ಕಾಯಿಲೆ ಹರಡದಿರಲೆಂದು ಈ ಜೈಲಿನಲ್ಲೊಂದು ನಿಯಮ: ನಶೆಯ ಸೂಜಿಯನ್ನು ಗೋಡೆಗೂಡಿನ ಹಳದಿ ಡಬ್ಬಿಯಲ್ಲಿ, ಎಲ್ಲರಿಗೂ ಕಾಣುವಂತೆ ಇಡಬೇಕು. ಹಳೆಯದನ್ನು ಕೊಟ್ಟರೆ ಜೈಲಿನ ನರ್ಸು ಹೊಸದು ಕೊಡುತ್ತಾಳೆ. ಬಚ್ಚಿಟ್ಟರೆ ಹೊಸದು ಬಂದ್. ಆದರೆ ಒಂಬತ್ತು ವರ್ಷ ಬಚ್ಚಿಟ್ಟು ಪಳಗಿದ ಬೆರಳುಗಳಿಗೆ ನಿಯಮ ಓದಲು ಬರುವುದಿಲ್ಲ. ಬೆಳಿಗ್ಗೆ ಅವು ಯಾಕೋಬನನ್ನು ಒಂದು ಮಾತೂ ಕೇಳದೆ ಸೂಜಿಯನ್ನು ಹಾಸಿಗೆಯಡಿ ಸಿಕ್ಕಿಸಿದ್ದವು. ಈಗ ಬಾಯಿಬಿಟ್ಟರೆ ಮತ್ತೆ ಹತ್ತು ಜನರ ಮೈಯೊಳಗೆ ಹೋಗಿಬಂದ ಸೂಜಿಯೇ ಗತಿ. ಬಿಡದಿದ್ದರೆ ಸೂಜಿ ಚುಚ್ಚಿ, ತನ್ನ ರಕ್ತದಲ್ಲಿರುವ ಕಾಯಿಲೆ ತುದೋಸೆಗೂ ಅಂಟೀತು.

"ಕೈ ತೆಗೀರಿ ಸಾಹೇಬ್ರೆ! ಅಲ್ಲಿ ಸೂಜಿ ಐತೆ. ನಂದೇ."

ಮಲಗಿದ ಮಗುವಿನ ತಲೆಯಡಿಯಿಂದ ತೆಗೆಯುವಂತೆ ತುದೋಸೆ ಕೈಯನ್ನು ಮೆಲ್ಲಗೆ ಎಳೆದುಕೊಂಡ. ಐದೂ ಬೆರಳುಗಳನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ. ಎಲ್ಲೂ ಚುಚ್ಚಿರಲಿಲ್ಲ.

"ಕತ್ತೆ! ಆ ಡಬ್ಬಿ ಕೊಟ್ಟಿರೋದು ಉಪ್ಪಿನಕಾಯಿ ಹಾಕಕ್ಕಾ? ತೆಗೆದು ಅದರೊಳಗೆ ಇಡು. ನಾನೇನೂ ನೋಡಿಲ್ಲಪ್ಪ, ಹಿಮ ನೋಡ್ತಾ ಇದ್ದೆ."

ಹಾಗೆಂದವನು, ಸೂಜಿ ಹಿಡಿದ ಕೈದಿಗೆ ಬೆನ್ನು ಕೊಟ್ಟು, ಕಿಟಕಿಯ ಕಡೆ ತಿರುಗಿ ನಿಂತ.