ಆಮೆಮರಿಯ ತೂಕದ ಪುಸ್ತಕ

ಪ್ರತಿ ಭಾನುವಾರ ಅತ್ತೆ ಆಮೆಮರಿಯನ್ನು ತೂಗಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಸೊಸೆ ಹೇಮಲತಾ ಅದನ್ನು ಡಾಕ್ಟರಿಗೆ ಫೋನಿನಲ್ಲಿ ಓದಿ ಹೇಳುತ್ತಿದ್ದಳು.

“ಈ ವಾರವೂ ಅರವತ್ತೇ ಗ್ರಾಮಾ? ಬೆಳೀತಾನೇ ಇಲ್ಲ. ಇನ್ನೂ ಜಾಸ್ತಿ ತಿನ್ನಿಸಿ.”

ಹೇಮಲತಾ ದಾಸವಾಳದ ಎಲೆಯ ಜೊತೆ ನೆನೆಸಿದ ಕಡಲೆಯನ್ನೂ ಇಟ್ಟಳು. ಮರಿ ತಿಂದಿತು. ಪುಸ್ತಕದಲ್ಲಿ ಮಾತ್ರ ತೂಕ ಏರಲಿಲ್ಲ. ಮೂರನೇ ತಿಂಗಳು ಮರಿ ನಡೆಯುವುದನ್ನೇ ಬಿಟ್ಟಾಗ ಇಬ್ಬರೂ ಆಸ್ಪತ್ರೆಗೆ ಓಡಿದರು.

ಡಾಕ್ಟರ್ ತಾವೇ ತೂಗಿದರು.

“ನೂರಿಪ್ಪತ್ತು ಗ್ರಾಂ ಇದೆಯಲ್ರೀ! ಅತಿಯಾಗಿ ತಿನ್ನಿಸಿ ಚಿಪ್ಪೆಲ್ಲ ಉಬ್ಬಿ ಗುಬುಟು ಗುಬುಟಾಗಿದೆ. ಇನ್ನು ಇದನ್ನ ಸರಿಮಾಡೋಕಾಗಲ್ಲ.”

“ಅತ್ತೆ, ನೀವು ಅರವತ್ತೇ ಅಂತ ಬರೆದಿದ್ರಲ್ಲ?”

ಅತ್ತೆ ಮರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

“ಬೆಳೆಯೋ ಕೂಸಿನ ತೂಕ ಇದ್ದಷ್ಟೂ ಬರೆದ್ರೆ ದೃಷ್ಟಿಯಾಗಲ್ವೇನೇ?”