ಮಾರ್ತಾಳ ಕೈಗುಣ

"ಅವ್ಳ ಕಾಲು ಗದ್ದೆಗೆ ಬೀಳ್ಬಾರ್ದು ಕಣಮ್ಮಿ, ಅಷ್ಟೇಯ," ಎಂದು ಮಲ್ಲಿಗಮ್ಮ ಮಗಳು ಗಗನಳಿಗೆ ಮತ್ತೆ ಎಚ್ಚರಿಸಿದಳು.

ಕಾರು ಆಗಲೇ ಮಳವಳ್ಳಿ ರಸ್ತೆಯಿಂದ ಊರಿನ ಕಡೆಗೆ ತಿರುಗಿತ್ತು. ಅದರಲ್ಲಿದ್ದವಳು ಪೋಲೆಂಡಿನ ಮಾರ್ತಾ. ಎಂಟು ವರ್ಷದ ಹಿಂದೆ ಯಾವುದೋ ಸಂಸ್ಥೆಯವರು ಹಳ್ಳಿಗರ ಬದುಕು ಹಸನು ಮಾಡಲೆಂದು ಕರೆತಂದಿದ್ದ ಸ್ವಯಂಸೇವಕಿ. ಆಗ ಮಲ್ಲಿಗಮ್ಮನ ಮನೆಯಲ್ಲೇ ಉಳಿದಿದ್ದಳು. ಕಂಡದ್ದಕ್ಕೆಲ್ಲ ಹೆಸರೇನು, ಅರ್ಥವೇನು ಎಂದು ಪ್ರಾಣ ತಿಂದು ಕನ್ನಡ ಕಲಿತಿದ್ದಳು. ಮಲ್ಲಿಗಮ್ಮನ ಗದ್ದೆಯಲ್ಲಿ ವಾರವಿಡೀ ನಾಟಿ ಮಾಡಿದ್ದಳು. ಈಗ ತಾನಾಗಿಯೇ ಮತ್ತೆ ಬರುತ್ತಿದ್ದಳು.

ಹಳ್ಳಿಗರಿಗೆ ಏನು ಬೇಕೆಂದು ಆ ಸಂಸ್ಥೆ ಯಾರನ್ನೂ ಕೇಳಿರಲಿಲ್ಲ. ಮಾರ್ತಾ ಒಂದೊಂದು ಪೈರನ್ನೂ ಮಗುವನ್ನು ಮಲಗಿಸುವಷ್ಟು ಅಕ್ಕರೆಯಿಂದ ಇಟ್ಟಿದ್ದಳು. ಬೇರು ಕೆಸರಿಗೆ ತಾಗದೆ ವಾರ ಮುಗಿಯುವ ಹೊತ್ತಿಗೆ ಎಲ್ಲ ನೀರಿನ ಮೇಲೆ ತೇಲುತ್ತಿತ್ತು. ಅವಳನ್ನು ವೈದ್ಯನಾಥಪುರದ ದೇವಸ್ಥಾನ ನೋಡಲು ಸಾಗಹಾಕಿ, ಊರ ಹೆಂಗಸರೆಲ್ಲ ಗದ್ದೆಗಿಳಿದು ಹೊಸದಾಗಿ ನೆಟ್ಟಿದ್ದರು. ಮರಳಿ ಬಂದವಳಿಗೆ ಎಲ್ಲ ನಿನ್ನದೇ ಕೈಗುಣ ಎಂದು ತೋರಿಸಿದ್ದರು. ಮಾರ್ತಾ ಆನಂದಬಾಷ್ಪ ಸುರಿಸಿದ್ದಳು. ಸಂಸ್ಥೆಯವರು ಅದೇ ಗದ್ದೆಯ ಮುಂದೆ ಎದೆಯುಬ್ಬಿಸಿ ನಿಂತು ಫೋಟೊ ತೆಗೆಸಿಕೊಂಡಿದ್ದರು. ಯಾರ ಮನಸ್ಸೂ ನೋಯದೆ ಕೆಲಸ ಮುಗಿದಿತ್ತು.

ಆದರೆ ಆಗ ಪೈರು ಮಿಕ್ಕಿತ್ತು. ಈ ಸಲ ನಾಲೆಗೆ ನೀರು ತಡವಾಗಿ ಬಿಟ್ಟು, ಅರ್ಧ ಪೈರು ಒಣಗಿಹೋಗಿತ್ತು. ಉಳಿದಿದ್ದ ಪೈರು ಗದ್ದೆಗೆ ಸಾಕಾಗುವಷ್ಟು ಮಾತ್ರ. ಆಳಿನ ಕತೆಯೂ ಅದೇ. ಆ ಊರಿನಲ್ಲಿ ನಾಟಿ ನಡೆಯುವುದು ಮುಯ್ಯಾಳಿನ ಮೇಲೆ: ಇವತ್ತು ನನ್ನ ಗದ್ದೆಗೆ ನೀನು ಬಂದರೆ, ನೀನು ಕರೆದ ದಿನ ನಿನ್ನ ಗದ್ದೆಗೆ ನಾನು. ಕೂಲಿಯಿಲ್ಲ, ನೆಪವೂ ನಡೆಯದು. ಜ್ವರವಿದ್ದರೂ ಎದ್ದು ಹೋಗಬೇಕು. ತಪ್ಪಿಸಿಕೊಂಡವಳ ಗದ್ದೆಗೆ ಮತ್ತೆ ಯಾರೂ ಇಳಿಯುವುದಿಲ್ಲ. ಮಲ್ಲಿಗಮ್ಮ ಊರವರ ಗದ್ದೆಗಳಲ್ಲೆಲ್ಲ ದುಡಿದು ಇವತ್ತಿಗೆ ಹೆಂಗಸರನ್ನು ಕೂಡಿಸಿದ್ದಳು. ಇನ್ನೊಮ್ಮೆ ನೆಡಲು ಪೈರೂ ಇಲ್ಲ, ಬರುವವರೂ ಇಲ್ಲ. ಮಾರ್ತಾ ಇಳಿದಳೋ, ಈ ಬೆಳೆ ಕೈಬಿಟ್ಟಂತೆ. ಮಲ್ಲಿಗಮ್ಮನಿಗೆ ನಿಜಕ್ಕೂ ಭಯವಾಗಿತ್ತು.

ಮಾರ್ತಾ ಕಾರಿಳಿದು ನೇರ ಗದ್ದೆಗೇ ಬಂದಳು. ಗಗನ ದೇವಸ್ಥಾನಕ್ಕೆ ಕರೆದರೆ, ನೋಡಿಯಾಗಿದೆ ಎಂದಳು. ಊಟಕ್ಕೆ ಕರೆದರೆ, ಆಮೇಲೆ ಎಂದಳು. ಬದುವಿನ ಮೇಲೆ ಕೂತು, ಸಂತೆಯಲ್ಲಿ ಎತ್ತು ನೋಡುವವರ ಹಾಗೆ ನೆಡುವವರನ್ನು ಒಬ್ಬೊಬ್ಬರನ್ನಾಗಿ ನೋಡತೊಡಗಿದಳು. ಪಕ್ಕದ ಮನೆಯ ಕುಸುಮಳ ಕೈ ಬಹಳ ಚುರುಕು ಎಂದು ಮೆಚ್ಚಿದಳು. ಮಲ್ಲಿಗಮ್ಮನಿಗೆ ಸೊಂಟ ನೋವೇನೂ ಇಲ್ಲವಲ್ಲ, ಏಣಿ ಹತ್ತಲು ಆಗುತ್ತದೆಯೇ ಎಂದು ವಿಚಾರಿಸಿದಳು. ಆರೋಗ್ಯ ವಿಚಾರಿಸುವುದು ಅವರ ದೇಶದ ಮರ್ಯಾದೆ ಇರಬೇಕು ಎಂದುಕೊಂಡ ಮಲ್ಲಿಗಮ್ಮ, ಏಣಿಯೇನು, ತೆಂಗಿನಮರವನ್ನೇ ಹತ್ತುತ್ತೇನೆ ಎಂದು ಜಂಬ ಕೊಚ್ಚಿದಳು.

ಅಷ್ಟರಲ್ಲಿ ಮಾರ್ತಾ ಬೂಟು ಬಿಚ್ಚಿದಳು. ಮಲ್ಲಿಗಮ್ಮ ಕೆಸರು ಹಾರಿಸಿಕೊಂಡು ಓಡಿ ಬಂದಳು.

"ನೀ ಇಳೀಬ್ಯಾಡ ಬುಡವ್ವ. ಆವತ್ತು ನೀ ಮಾಡಿದ್ದೇ ಬೇಕಾದಂಗದೆ."

ಉಳಿದವರೂ ಸೊಂಟ ನೆಟ್ಟಗೆ ಮಾಡಿ ದನಿಗೂಡಿಸಿದರು. ಆ ಸಲದಂಥ ಬೆಳೆಯನ್ನು ಈ ಗದ್ದೆ ಮತ್ತೆ ಕಾಣಲೇ ಇಲ್ಲ ಎಂದು ಕುಸುಮ ಹೇಳಿದಳು. ಮಾರ್ತಾ ನೆಟ್ಟ ಸಾಲಿನಲ್ಲಿ ತೆನೆಗಳು ಮೊಳದುದ್ದ ತೂಗುತ್ತಿದ್ದವು ಎಂದು ಮಾಯಮ್ಮ ಅಳತೆ ಬೇರೆ ತೋರಿಸಿದಳು. ಗಗನ ನಗು ತಡೆಯಲಾರದೆ ಆಚೆ ತಿರುಗಿ ನಿಂತಳು.

ಮಾರ್ತಾ ಮಾತ್ರ ನಗಲಿಲ್ಲ. "ಹಾಗಾದರೆ ನನ್ನದು ಪೂರ್ತಿ ಒಂದಾಳಿನ ಕೆಲಸವೇ?" ಎಂದು ಕೇಳಿದಳು.

"ಒಂದಾಳಾ? ಎಲ್ಡಾಳಿನ ಕೆಲ್ಸ ಕಣವ್ವ. ಈ ಭೂಮ್ತಾಯಿ ಆಣೆಗೂ," ಎಂದಳು ಮಲ್ಲಿಗಮ್ಮ.

ಹೆಂಗಸರೆಲ್ಲ ತಲೆಯಾಡಿಸಿದರು. ಮಾರ್ತಾಳ ಮುಖದಲ್ಲಿದ್ದ ಅಳುಕು ಹೋಯಿತು. ಒಳಗೆ ಸೇರಿದ್ದ ಕಲ್ಲನ್ನು ಕೊಡವಿ ಬೂಟನ್ನು ಮತ್ತೆ ಹಾಕಿಕೊಂಡಳು. ಅದನ್ನು ನೋಡಿ ಮಲ್ಲಿಗಮ್ಮನಿಗೆ ಹೋದ ಜೀವ ಬಂದಂತಾಯಿತು. ಸಂತೋಷಕ್ಕೆ ಅವಳ ಎರಡೂ ಕೈಗಳನ್ನು ಕೆಸರುಗೈಯಿಂದಲೇ ಹಿಡಿದುಕೊಂಡಳು.

"ಈ ಸಲ ನಾನು ಸೇವೆಗೆ ಬಂದಿಲ್ಲ, ಮಲ್ಲಿಗಮ್ಮ," ಎಂದಳು ಮಾರ್ತಾ. "ನಮ್ಮ ತೋಟದಲ್ಲಿ ಸೇಬು ಹಣ್ಣಾಗುತ್ತಿದೆ, ಕೀಳುವುದಕ್ಕೆ ಜನ ಸಿಗುತ್ತಿಲ್ಲ, ಮುಯ್ಯಾಳು ಕರೆಯಲು ಬಂದೆ. ನೀವು, ಕುಸುಮ, ಇಬ್ಬರೂ ಒಂದು ವಾರ."