ಒಂಬತ್ತನೆಯ ಕಂತಿನ ನೀರಿನ ಗ್ಲಾಸು

ಕೊರಿಯನ್ ಧಾರಾವಾಹಿಯ ಪಾತ್ರಗಳಿಗೆ ನಮ್ಮ ಮಾತು ಕೇಳಿಸತೊಡಗಿದ ದಿನದಿಂದ ನೀಲಗಂಗವ್ವನ ಬೈಗುಳಕ್ಕೆ ಬಿಡುವಿರಲಿಲ್ಲ. ಅವಳು ತೀರಿಕೊಂಡ ಮೇಲೆ ಸೊಸೆ ಸುವರ್ಣಾ ಇಂದೇ ಮೊದಲ ಸಲ ಆ ಹಳೆಯ ಧಾರಾವಾಹಿ ಹಾಕಿದಳು.

ಒಂಬತ್ತನೆಯ ಕಂತಿನ ಸಿರಿವಂತ ಅತ್ತೆ, ಬಡ ಸೊಸೆಯ ಮುಖಕ್ಕೆ ಎರಚಲೆಂದು ನೀರಿನ ಗ್ಲಾಸು ಎತ್ತಿದಳು. ಎತ್ತಿದವಳು ಎರಚದೆ, ನಮ್ಮ ಸೋಫಾದ ಖಾಲಿ ಮೂಲೆಯನ್ನೇ ನೋಡುತ್ತ ನಿಂತಳು. ಪ್ರತಿ ಸಲ ಇಷ್ಟೊತ್ತಿಗೆ ಅಲ್ಲಿಂದ ಬೈಗುಳ ಬಂದುಬಿಡುತ್ತಿತ್ತು.

ಈ ಮನೆಯಲ್ಲಿ ಎಂದೂ ದನಿ ಎತ್ತದ ಸುವರ್ಣಾ, ತೀರಿಕೊಂಡ ತನ್ನ ಅತ್ತೆಯ ಮಾತನ್ನೇ ಕೂಗಿದಳು: “ಏ ಮೂಳಿ, ಗ್ಲಾಸ್ ಕೆಳಗ ಇಡು! ಆಕಿನೂ ಒಬ್ಬರ ಮನಿ ಮಗಳು!”

ಗ್ಲಾಸು ಇಳಿಯಿತು. ಧಾರಾವಾಹಿಯ ಅತ್ತೆ, ನೀಲಗಂಗವ್ವನಿಂದಲೇ ಕಲಿತ ಹುಬ್ಬಳ್ಳಿ ಮಾತಿನಲ್ಲಿ, “ನಿಮ್ಮತ್ತಿ ಬೈದಂಗ ಆಗ್ಲಿಲ್ಲವ್ವಾ. ಇನ್ನೊಮ್ಮೆ ಬೈ” ಎಂದು ಮತ್ತೆ ಗ್ಲಾಸು ಎತ್ತಿದಳು.